ಎಂಜಲು ಪಟ್ಟ

೯ ಜೂನ್ ೧೯೮೬

ಜಿಗಣೆಗೆ,

ಈ ಕಾಗದ ನಿನ್ನ ಕೈ ಸೇರುವ ಮೊದಲು ನಿನ್ನ ಮ್ಯಾನೇಜರು ಒಡೆದು ಓದಿರುತ್ತಾನೆ. ಓದಲಿ. ಅವನಿಗೂ ನನ್ನದೊಂದು ನಮಸ್ಕಾರ ತಿಳಿಸು, ಎಡಗಾಲಿನಿಂದ.

ನನ್ನನ್ನು ಇಷ್ಟು ಬೇಗ ಮರೆತಿರಲಾರೆ. ಫೆಬ್ರವರಿಯಲ್ಲಿ ನಿನ್ನ ಕೈಯಲ್ಲಿ ಸೋತು ಬಾಕ್ಸಿಂಗಿನ ಫ್ಲೈವೇಟ್ ವಿಶ್ವ ಪಟ್ಟ ಕಳೆದುಕೊಂಡವನು ನಾನು. ಎದುರಾಳಿ ತಪ್ಪು ಮಾಡಿದಾಗಲೆಲ್ಲ ತಲೆ ಅಲ್ಲಾಡಿಸುತ್ತೇನೆಂದು ಮೈಕಿನವನು ನನಗೆ ಮೇಷ್ಟ್ರು ಅಂತ ಹೆಸರಿಟ್ಟ. ನಿನಗೆ ಜಿಗಣೆ ಅಂತ ಯಾಕಿಟ್ಟರೆಂದು ನನ್ನ ಎದೆಗೇ ಗೊತ್ತು. ಹನ್ನೆರಡು ಸುತ್ತೂ ಅಲ್ಲೇ ಅಂಟಿಕೊಂಡಿದ್ದೆ. ಮದುವೆಯಾದ ಹೊಸದರಲ್ಲಿ ನನ್ನ ಹೆಂಡತಿ ಕೂಡ ಅಷ್ಟು ಹೊತ್ತು ಅಂಟಿಕೊಂಡವಳಲ್ಲ.

ಸೋತದ್ದಕ್ಕೆ ಈ ಕಾಗದ ಅಲ್ಲ. ಸೋಲು ಗೆಲುವು ಇದ್ದದ್ದೇ. ಆದರೆ ಮೊನ್ನೆ ಪೇಪರಿನಲ್ಲಿ ಓದಿದೆ, ನೀನು ಫ್ಲೈವೇಟ್ ಪಟ್ಟ ಬಿಟ್ಟುಕೊಟ್ಟು ಅದರ ಮೇಲಿನ ಬ್ಯಾಂಟಮ್ ತೂಕಕ್ಕೆ ಹತ್ತುತ್ತೀಯಂತೆ. ಒಂದೇ ಒಂದು ಸಲ ಅದನ್ನು ಯಾರ ಎದುರಿಗಾದರೂ ಕಾಪಾಡಿಕೊಂಡೆಯಾ? ಇಲ್ಲ. ಆ ಪಟ್ಟಕ್ಕಾಗಿ ನಾನು, ಕೆಲಸಕ್ಕಿರುವ ಆಸ್ಪತ್ರೆಯ ಲಾಂಡ್ರಿಯಲ್ಲಿ, ಒದ್ದೆ ಚಾದರ ಒಣಗಿಸುವ ಬಿಸಿ ಕೋಣೆಯಲ್ಲಿ, ರಬ್ಬರ್ ಕೋಟು ತೊಟ್ಟು ಕುಣಿದು ಕುಣಿದು ತೂಕ ಇಳಿಸಿದವನು. ಡಬ್ಬಕ್ಕೆ ಉಗುಳಿ ಉಗುಳಿ ಇಳಿಸಿದವನು. ಅದನ್ನು ನೀನು ಒಂದು ತುತ್ತು ಕಚ್ಚಿ ತಟ್ಟೆಯಲ್ಲೇ ಬಿಟ್ಟು ಕೈ ತೊಳೆದುಕೊಂಡೆ. ಇದಕ್ಕೆ ನಮ್ಮ ಮಾತಿನಲ್ಲಿ ಎಂಜಲು ಅನ್ನುತ್ತಾರೆ. ನನ್ನ ಬದುಕನ್ನು ನೀನು ಎಂಜಲು ಮಾಡಿದೆ.

ಹತ್ತುವ ಮೊದಲು ಇದೇ ತೂಕದಲ್ಲಿ ಇನ್ನೊಂದು ಸಲ ನನ್ನ ಎದುರು ನಿಲ್ಲು. ಗೆದ್ದರೆ ಎಲ್ಲಿ ಬೇಕಾದರೂ ಹತ್ತು, ಮರ ಹತ್ತು, ನಾನು ಕೇಳುವುದಿಲ್ಲ.

ಮೇಷ್ಟ್ರು


೨ ಜುಲೈ ೧೯೮೬

ಪೂಜ್ಯ ಮೇಷ್ಟ್ರಿಗೆ,

ತಮ್ಮ ಕಾಗದ ತಲುಪಿತು. ತಮ್ಮ ಅಕ್ಷರ ತಮ್ಮ ಎಡಗೈ ಹೊಡೆತಕ್ಕಿಂತ ಚೆನ್ನಾಗಿದೆ. ಆ ರಾತ್ರಿ ನೀವು ನನ್ನ ಪಕ್ಕೆಗೆ ಕೊಟ್ಟ ಪೆಟ್ಟುಗಳನ್ನು ನೆನೆದರೆ ಈಗಲೂ ನಗು ಬರುತ್ತದೆ. ಯಾರೋ ದಿಂಬು ಕೊಡವುತ್ತಿದ್ದಾರೆ ಅಂದುಕೊಂಡಿದ್ದೆ. ಲಾಂಡ್ರಿ ಕೆಲಸದವರೆಂದು ಈಗ ತಿಳಿಯಿತು, ಅಭ್ಯಾಸಬಲ ಇರಬೇಕು.

ನಾನು ಬೆಳೆಯುವ ಮೈಯವನು ಮೇಷ್ಟ್ರೇ. ನೀವು ಹುಟ್ಟಿದಾಗಿನಿಂದ ಅಷ್ಟೇ ಇದ್ದೀರಿ ಅಂತ ನಾನೂ ಅಷ್ಟೇ ಇರಬೇಕೇ? ಒಂದು ತೂಕದಲ್ಲಿ ಕೂತು ಹುತ್ತ ಬೆಳೆಸಿಕೊಳ್ಳುವುದಕ್ಕೆ ನಾನು ತಪಸ್ಸಿಗೆ ಬಂದವನಲ್ಲ. ಎಷ್ಟು ತೂಕಗಳಿವೆಯೋ ಅಷ್ಟೂ ಪಟ್ಟ ನನಗೆ ಬೇಕು. ಆಮೇಲೆ ನೋಡೋಣ.

ಬಿಟ್ಟದ್ದನ್ನು ಎಂಜಲು ಅಂದಿದ್ದೀರಿ. ಹಸಿದವರು ಎಂಜಲು ಅಂತ ನೋಡುವುದಿಲ್ಲವಂತೆ. ತಾವು ಹಸಿದಿದ್ದರೆ ತಿನ್ನಬಹುದು, ನನ್ನ ಅಭ್ಯಂತರವಿಲ್ಲ.

ತಮ್ಮ ವಿಧೇಯ,
ಜಿಗಣೆ


೨೭ ಏಪ್ರಿಲ್ ೧೯೮೭

ಜಿಗಣೆಗೆ,

ಬ್ಯಾಂಟಮ್ ಪಟ್ಟ ಗೆದ್ದೆಯಂತೆ. ಲಾಂಡ್ರಿಯ ಕ್ಯಾಂಟೀನಿನ ಟೀವಿಯಲ್ಲಿ ನಾವೆಲ್ಲ ನೋಡಿದೆವು. ನಿನ್ನ ಎದುರಾಳಿಯನ್ನು ರಿಂಗಿಗೆ ಹತ್ತಿಸಲು ಇಬ್ಬರು ಕೈ ಹಿಡಿದುಕೊಂಡಿದ್ದರು. ನಮ್ಮ ಸೂಪರ್‌ವೈಸರಮ್ಮ ಕೇಳಿದರು, "ಪಾಪ, ಆ ತಾತ ಯಾರ್ರೀ? ಈ ಹುಡುಗ ಯಾಕೆ ಅವ್ರನ್ನ ಹೊಡೀತಿದಾನೆ?" ನಾನು ಹೇಳಿದೆ, "ಅಮ್ಮಾ, ಅವ್ರು ವಿಶ್ವ ಚಾಂಪಿಯನ್ನು." ಅವರು ಮತ್ತೆ ಚಹಾ ಕುಡಿಯಲಿಲ್ಲ.

ನಿನ್ನ ಮ್ಯಾನೇಜರಿಗೆ ಬಾಕ್ಸಿಂಗ್ ಗೊತ್ತಿಲ್ಲದಿದ್ದರೂ ವಯಸ್ಸಿನ ಲೆಕ್ಕ ಚೆನ್ನಾಗಿ ಗೊತ್ತು. ಎಲ್ಲಿ ಚಾಂಪಿಯನ್ನನ ಮೊಣಕಾಲು ನೋಯುತ್ತಿದೆಯೋ ಅಲ್ಲಿ ನಿನ್ನನ್ನು ಕರೆದುಕೊಂಡು ಹೋಗುತ್ತಾನೆ.

ಇನ್ನು ಫೆದರ್‌ವೇಟ್ ಅಂತೆ. ಈ ತೂಕಗಳಿಗೆ ಹೆಸರಿಟ್ಟವನು ಯಾವ ಮಹಾನುಭಾವನೋ. ಫ್ಲೈ ಅಂದರೆ ನೊಣ, ಅದು ನಾನು, ಒಪ್ಪಿದೆ. ಬ್ಯಾಂಟಮ್ ಅಂದರೆ ಹುಂಜ. ಅದರ ಮೇಲೆ ಫೆದರ್, ಅಂದರೆ ಗರಿ. ಹುಂಜಕ್ಕಿಂತ ಅದರ ಗರಿ ಭಾರ! ನಿನ್ನಂಥವನಿಗೆ ತಕ್ಕ ಏಣಿ. ಹತ್ತಿದಷ್ಟೂ ಹಗುರವಾಗುತ್ತೀಯ.

ನೀನು ಬಿಟ್ಟುಹೋದ ಫ್ಲೈವೇಟ್ ಪಟ್ಟಕ್ಕೆ ಯಾರೋ ಇಬ್ಬರು ಹುಡುಗರು ಹೊಡೆದಾಡಿ ಒಬ್ಬ ಇಟ್ಟುಕೊಂಡ. ನನ್ನನ್ನು ಕರೆಯಲಿಲ್ಲ. ಬಾಕ್ಸಿಂಗ್ ಮಂಡಳಿಯ ಗುಮಾಸ್ತ ಫೋನಿನಲ್ಲಿ, "ನಿಮಗೆ ವಯಸ್ಸಾಯ್ತಲ್ಲ ಸಾರ್" ಅಂದ. ಅವನ ದನಿಯಲ್ಲಿ ಮರ್ಯಾದೆ ತುಂಬಿತ್ತು, ಅದೇ ಸಹಿಸಲಾಗಲಿಲ್ಲ.

ಇಳಿದು ಬಾ. ಇನ್ನೂ ಹೊತ್ತು ಮೀರಿಲ್ಲ.

ಮೇಷ್ಟ್ರು


೧೫ ನವೆಂಬರ್ ೧೯೮೮

ಪೂಜ್ಯ ಮೇಷ್ಟ್ರಿಗೆ,

ಈ ಹೋಟೆಲಿನ ಕಾಗದ ಮುಟ್ಟಿ ನೋಡಿ, ನಿಮ್ಮ ಆಸ್ಪತ್ರೆ ಚಾದರಕ್ಕಿಂತ ದಪ್ಪ ಇದೆ. ಗರಿಯ ಪಟ್ಟವೂ ನನ್ನದಾಯಿತು. ಮೂರು ತೂಕ, ಮೂರು ಪಟ್ಟ, ಸೊಂಟಕ್ಕೆ ಮೂರು ಬೆಲ್ಟು. ನಿಮ್ಮ ಲಾಂಡ್ರಿಯಲ್ಲಿ ಇಷ್ಟೊಂದು ಬೆಲ್ಟು ಒಟ್ಟಿಗೆ ನೋಡಬೇಕಾದರೆ ಗಂಡಸರ ವಾರ್ಡು ಪೂರ್ತಿ ಖಾಲಿಯಾಗಬೇಕು.

ಒಂದು ಸಂಗತಿ. ಇಲ್ಲಿಗೆ ಬಂದ ಪತ್ರಕರ್ತನೊಬ್ಬ ನಿಮ್ಮನ್ನು ಭೇಟಿಯಾಗಿದ್ದನಂತೆ. ನೀವು ಅವನಿಗೆ, "ನನ್ನ ಸೋಲ್ಸಿದೋನು ಸಾಮಾನ್ಯದೋನಲ್ಲಪ್ಪ" ಅಂದಿರಂತೆ. ಓಹೋ ಮೇಷ್ಟ್ರೇ! ನನಗೆ ಬರೆಯುವಾಗ ಜಿಗಣೆ, ಹುಳ, ಹುಪ್ಪಟೆ. ಬೇರೆಯವರ ಎದುರು ನನ್ನ ಪಟ್ಟಗಳನ್ನು ಹೊದ್ದುಕೊಂಡು ಬೆಚ್ಚಗೆ ಕೂರುತ್ತೀರಾ? ನಾನು ಗೆದ್ದಷ್ಟೂ ನಿಮ್ಮ ಸೋಲಿಗೆ ಬೆಲೆ ಏರುತ್ತದೆ, ಅಲ್ಲವೇ? ಹಾಗಾದರೆ ನೀವು ನನ್ನ ಋಣದಲ್ಲಿದ್ದೀರಿ.

ಮ್ಯಾನೇಜರ ಹತ್ತಿರ ನಿಮ್ಮ ವಿಷಯ ಮಾತಾಡಿದೆ. ನನ್ನ ತರಬೇತಿಯಲ್ಲಿ ಬಕೆಟ್ಟು ಹಿಡಿಯಲು ಒಬ್ಬರು ಬೇಕಾಗಿದ್ದಾರೆ. ಉಗುಳುವ ಡಬ್ಬದ ಅನುಭವ ನಿಮಗಿದೆ.

ತಮ್ಮ ವಿಧೇಯ,
ಜಿಗಣೆ


೩ ಜನವರಿ ೧೯೮೯

ಜಿಗಣೆಗೆ,

ಹೌದು, ಹಾಗೆ ಹೇಳಿದ್ದೆ. ಮತ್ತೇನು ಹೇಳಲಿ? ನನ್ನನ್ನು ಸೋಲಿಸಿದವನು ಒಬ್ಬ ಅಯೋಗ್ಯ ಅಂತ ಊರೆಲ್ಲ ಸಾರಿಕೊಂಡು ಬರಲೇ? ನನ್ನ ಮರ್ಯಾದೆ ನಿನ್ನ ಕೈಯಲ್ಲಿ ಸಿಕ್ಕಿಹಾಕಿಕೊಂಡಿರುವುದು ನನ್ನ ಹಣೆಬರಹ. ನೀನು ಗೆದ್ದಾಗ ಒಂದು ಗಳಿಗೆ ಖುಷಿಯಾಗುತ್ತದೆ, ಆಮೇಲೆ ನಿನ್ನ ಮುಖ ಟೀವಿಯಲ್ಲಿ ದೊಡ್ಡದಾಗಿ ಬರುತ್ತದೆ, ಖುಷಿ ಹೋಗುತ್ತದೆ.

ನೀನು ಯಾರ ಹಾಗೆ ಗೊತ್ತಾ? ಬಾಡಿಗೆ ಮನೆಗೆ ಸಾಮಾನು ಇಳಿಸಿ, ಗೃಹಪ್ರವೇಶದ ಊಟ ಹಾಕಿಸಿ, ಮಾಡು ಸೋರುವ ಮೊದಲೇ ಇನ್ನೊಂದು ಮನೆ ನೋಡುವವನ ಹಾಗೆ. ಪಟ್ಟ ಗೆಲ್ಲುವುದು ಒಂದು ರಾತ್ರಿಯ ಕೆಲಸ. ಅದನ್ನು ಇಟ್ಟುಕೊಳ್ಳುವುದು ಇದೆಯಲ್ಲ, ಎದುರಿಗೆ ಬಂದ ಹಸಿದವನನ್ನೆಲ್ಲ ನಿಲ್ಲಿಸಿ ವಾಪಸು ಕಳಿಸುವುದು, ಅದು ಚಾಂಪಿಯನ್ನನ ಕೆಲಸ. ನೀನು ಮೂರು ಪಟ್ಟ ಗೆದ್ದಿದ್ದೀಯ, ಒಂದನ್ನೂ ಆಳಿಲ್ಲ.

ಬಕೆಟ್ಟಿನ ವಿಷಯ. ನಿನ್ನ ಮ್ಯಾನೇಜರಿಗೇ ಹೇಳು, ಅವನಿಗೆ ಕಂಡಕಂಡವರ ಕಾಲು ಹಿಡಿದು ಅಭ್ಯಾಸವಿದೆ.

ಮೇಷ್ಟ್ರು


೨೦ ಮಾರ್ಚ್ ೧೯೯೦

ಜಿಗಣೆಗೆ,

ಲೈಟ್‌ವೇಟ್ ಪಟ್ಟಕ್ಕೆ ಅಭಿನಂದನೆ. ನಾಲ್ಕು. ಆ ಬಡಪಾಯಿ ಚಾಂಪಿಯನ್ನು ತನ್ನ ತೂಕಕ್ಕಿಂತ ಮೂರು ಕಿಲೊ ಕೆಳಗೆ ಬಂದು ಕಾದಬೇಕು ಅಂತ ಒಪ್ಪಂದದಲ್ಲಿ ಬರೆಸಿದಿರಂತೆ. ಅವನು ತಕ್ಕಡಿ ಮೇಲೆ ನಿಂತಾಗ ನೋಡಿದೆ. ನಮ್ಮ ಮಿಷನ್ನಿನಿಂದ ಹಿಂಡಿ ತೆಗೆದ ಚಾದರದಲ್ಲಿ ಅದಕ್ಕಿಂತ ಹೆಚ್ಚು ನೀರಿರುತ್ತದೆ. ನೀನು ಅವನನ್ನು ರಿಂಗಿನಲ್ಲಿ ಸೋಲಿಸಲಿಲ್ಲ, ಅಡುಗೆಮನೆಯಲ್ಲಿ ಸೋಲಿಸಿದೆ.

ನನ್ನದೂ ಒಂದು ಸುದ್ದಿ ಇದೆ. ನಿನಗೆ ಯಾರೂ ಹೇಳಿರಲಾರರು, ನಿಮ್ಮ ಎತ್ತರದಲ್ಲಿ ನೊಣಗಳ ಸುದ್ದಿ ಕೇಳಿಸುವುದಿಲ್ಲ. ಹೋದ ಶನಿವಾರ ನಾನು ಫ್ಲೈವೇಟ್ ಪಟ್ಟ ವಾಪಸು ಗೆದ್ದೆ. ನಿನಗಿಂತ ಚಿಕ್ಕ ಹುಡುಗ, ಒಂಬತ್ತನೇ ಸುತ್ತಿನಲ್ಲಿ ಪಕ್ಕೆ ಹಿಡಿದುಕೊಂಡು ಕೂತ. ಎಣಿಸಿ ಮುಗಿದ ಮೇಲೂ ಏಳಲಿಲ್ಲ. ನನ್ನ ಹೆಂಡತಿ ಹಗ್ಗದ ಹತ್ತಿರ ಬಂದು, "ಸಾಕು ಬನ್ರೀ ಇನ್ನು, ಪಟ್ಟ ಬಂತಲ್ಲ" ಅಂದಳು. ಅವಳು ಅಳುತ್ತಿದ್ದಳು, ನಾನೂ.

ಮರುದಿನ ಪೇಪರು ತೆರೆದೆ. ತಲೆಬರಹ ಏನಿತ್ತು ಗೊತ್ತಾ? "ಜಿಗಣೆ ಬಿಟ್ಟ ಪಟ್ಟ ಮೇಷ್ಟ್ರ ಪಾಲಿಗೆ." ನಾಲ್ಕು ವರ್ಷ ಆಗಿದೆ ನೀನು ಅದನ್ನು ಬಿಟ್ಟು. ನಡುವೆ ಅದು ಇಬ್ಬರ ಕೈ ದಾಟಿ ಬಂದಿದೆ. ಆದರೂ ಅದು ನೀನು ಬಿಟ್ಟದ್ದು! ನನ್ನ ಸೊಂಟದ ಮೇಲೆ ನಿನ್ನ ಎಂಜಲು! ಪೇಪರನ್ನು ಬಾಯ್ಲರಿಗೆ ಹಾಕಿದೆ.

ಈಗ ನನಗೆ ನಿನ್ನನ್ನು ಕರೆಯುವ ಹಕ್ಕಿದೆ. ಪಟ್ಟ ನನ್ನದು, ಯಾರ ಜೊತೆ ಕಾದಬೇಕು ಅನ್ನುವುದು ನನ್ನ ಮಾತು. ಗಂಡಸಾದರೆ ಇಳಿದು ಬಾ. ನಿನ್ನನ್ನು ಈ ತೂಕದಲ್ಲಿ ಕೆಡವುವವರೆಗೆ ಇದು ನನ್ನ ಪಟ್ಟ ಆಗುವುದಿಲ್ಲ.

ಮೇಷ್ಟ್ರು


೧೧ ಏಪ್ರಿಲ್ ೧೯೯೦

ಮೇಷ್ಟ್ರೇ,

ಸಿಕ್ಕಿದ್ದನ್ನು ತೊಳೆದು ತಿನ್ನಿ. ನಾನು ವೆಲ್ಟರ್‌ವೇಟಿಗೆ ಹೊರಟಿದ್ದೇನೆ. ಐದನೆಯದು. ಐದು ತೂಕದ ಚಾಂಪಿಯನ್ನನ ಕೈಯಲ್ಲಿ ಸೋತವರು ಅಂತ ನಿಮ್ಮ ಮನೆ ಬಾಗಿಲಿಗೆ ಫಲಕ ಬರೆಸಿಕೊಳ್ಳಿ.

ಜಿಗಣೆ


೩೦ ಸೆಪ್ಟೆಂಬರ್ ೧೯೯೦

ಜಿಗಣೆಗೆ,

ಫಲಕ ಬರೆಸಿರಲಿಲ್ಲ, ಬಣ್ಣದ ಖರ್ಚು ಉಳಿಯಿತು.

ಮೂರನೇ ಸುತ್ತು. ಆ ವೆಲ್ಟರಿನವನು ನಿನಗಿಂತ ಒಂದು ತಲೆ ಎತ್ತರ. ನೀನು ಎಂದಿನಂತೆ ಅಂಟಿಕೊಳ್ಳಲು ಹೋದೆ, ಅವನು ಮಗುವನ್ನು ಕಂಕುಳಿನಿಂದ ಇಳಿಸುವ ಹಾಗೆ ಕೆಳಗಿಳಿಸಿ ಹೊಡೆದ. ನೀನು ಬಿದ್ದ ಮೇಲೆ ಎದ್ದು, ತಪ್ಪು ಮೂಲೆಗೆ ಹೋಗಿ, ಅವರ ಬಕೆಟ್ಟಿನವನ ಹತ್ತಿರ ನೀರು ಕೇಳಿದೆ. ನಮ್ಮ ಕ್ಯಾಂಟೀನಿನಲ್ಲಿ ಎಲ್ಲರೂ ನಕ್ಕರು. ನಾನು ನಗಲಿಲ್ಲ ಅಂತ ಬರೆದರೆ ನೀನು ನಂಬುವುದಿಲ್ಲ, ಅದಕ್ಕೆ ನಕ್ಕೆ ಅಂತಲೇ ಬರೆಯುತ್ತೇನೆ.

ಈಗ ನಿನ್ನ ಹತ್ತಿರ ಏನಿದೆ ನೋಡು. ನಾಲ್ಕು ಪಟ್ಟ ಗೆದ್ದೆ, ನಾಲ್ಕನ್ನೂ ಬಿಟ್ಟೆ, ಐದನೆಯದು ಸಿಗಲಿಲ್ಲ. ಸೊಂಟದಲ್ಲಿ ಚಡ್ಡಿಯ ಲಾಡಿ ಬಿಟ್ಟರೆ ಬೇರೇನೂ ಇಲ್ಲ. ಮ್ಯಾನೇಜರು ಫೋನು ಎತ್ತುತ್ತಿದ್ದಾನಾ?

ನಾನು ಇಲ್ಲೇ ಇದ್ದೇನೆ, ಹಳೆಯ ತೂಕದಲ್ಲಿ.

ಮೇಷ್ಟ್ರು


೧೮ ಫೆಬ್ರವರಿ ೧೯೯೧

ಮೇಷ್ಟ್ರೇ,

ನಿನ್ನ ಕಾಗದಗಳನ್ನೆಲ್ಲ ಮತ್ತೆ ಓದಿದೆ. ಐದು ವರ್ಷದಿಂದ ಒಂದೇ ರಾಗ. ಇಳಿದು ಬಾ, ಇಳಿದು ಬಾ. ಸರಿ, ಬರುತ್ತೇನೆ. ಮಂಡಳಿಯವರನ್ನು ಕೇಳಿದೆ, ಅವರಿಗೆ ಟಿಕೆಟ್ಟು ಖರ್ಚಾದರೆ ಸಾಕು, ಒಪ್ಪಿದರು. ಜೂನ್ ಎಂಟು. ಫ್ಲೈವೇಟ್. ಒಪ್ಪಂದದ ಪ್ರತಿ ನಿನಗೂ ಕಳಿಸಿದ್ದಾರೆ. ಸಹಿ ಹಾಕುವ ಧೈರ್ಯ ಇದೆಯಾ?

ಹನ್ನೆರಡು ಕಿಲೊ ಇಳಿಸಬೇಕು. ಮ್ಯಾನೇಜರು, "ಹುಚ್ಚು ಹಿಡಿದಿದೆಯೇನೋ ನಿಂಗೆ?" ಅಂದು ಕೈ ತೊಳೆದುಕೊಂಡ. ಹೋಗಲಿ. ನಾಲ್ಕು ತೂಕದಲ್ಲಿ ಗೆದ್ದು, ಮತ್ತೆ ಹುಟ್ಟಿದ ತೂಕಕ್ಕೇ ಇಳಿದು ಗೆದ್ದವನು ಈ ಭೂಮಿ ಮೇಲೆ ಯಾರೂ ಇಲ್ಲ. ಆಗ ನೀನು ತಟ್ಟೆ ನೆಕ್ಕಿದ್ದೂ ವ್ಯರ್ಥ.

ಜಿಗಣೆ


೧ ಮಾರ್ಚ್ ೧೯೯೧

ಜಿಗಣೆಗೆ,

ಸಹಿ ಹಾಕಿ ಅಂಚೆಗೆ ಕೊಟ್ಟು ಬಂದೆ. ದಾರಿಯಲ್ಲಿ ಸಿಕ್ಕವರಿಗೆಲ್ಲ ಹೇಳಿದೆ. ಲಾಂಡ್ರಿಯ ಹುಡುಗಿಯರು ಜೂನ್ ಎಂಟಕ್ಕೆ ಈಗಲೇ ರಜೆ ಕೇಳಿದ್ದಾರೆ. ನನಗೆ ಮೂವತ್ತಾರು. ಇಷ್ಟು ಸಂತೋಷ ನನ್ನ ಮದುವೆಯ ದಿನವೂ ಆಗಿರಲಿಲ್ಲ, ಹೆಂಡತಿ ಈ ಕಾಗದ ಓದುವುದಿಲ್ಲ ಅನ್ನುವ ಧೈರ್ಯದಲ್ಲಿ ಬರೆಯುತ್ತಿದ್ದೇನೆ.

ಅಂದ ಹಾಗೆ, ಬಹುವಚನ ಎಲ್ಲಿ ಹೋಯಿತು? ತೂಕದ ಜೊತೆ ಅದನ್ನೂ ಇಳಿಸಿದೆಯಾ?

ಇಳಿ, ಚೆನ್ನಾಗಿ ಇಳಿ. ಒಂದು ಗುಂಜಿ ಹೆಚ್ಚಿದ್ದರೂ ತಕ್ಕಡಿಯ ಹತ್ತಿರ ನಾನೇ ಬಗ್ಗಿ ನೋಡುತ್ತೇನೆ.

ಮೇಷ್ಟ್ರು


೨೪ ಏಪ್ರಿಲ್ ೧೯೯೧

ಮೇಷ್ಟ್ರೇ,

ಆರು ಕಿಲೊ ಹೋಯಿತು, ಇನ್ನಾರು ಉಳಿದಿದೆ. ಮೊದಲ ಆರು ಕೊಬ್ಬು. ಈಗ ಕರಗುತ್ತಿರುವುದು ಬೇರೆ ಏನೋ. ಕನ್ನಡಿಯಲ್ಲಿ ಮೂಳೆ ಎಣಿಸಬಹುದು. ಮೂತ್ರ ಚಹಾ ಬಣ್ಣಕ್ಕೆ ತಿರುಗಿದೆ. ಡಾಕ್ಟರು ಮೂತ್ರಪಿಂಡ ಅಂತ ಏನೋ ಶುರು ಮಾಡಿದ, ಅವನನ್ನು ಓಡಿಸಿದೆ. ಹೆಂಡತಿ ದಿನಾ ತಟ್ಟೆ ಹಿಡಿದುಕೊಂಡು ಬಂದು, "ಒಂದು ತುತ್ತು ತಿನ್ರೀ, ನನ್ನ ಮುಖ ನೋಡಿಯಾದ್ರೂ" ಅನ್ನುತ್ತಿದ್ದಳು. ತಟ್ಟೆ ಎತ್ತಿ ಗೋಡೆಗೆ ಎಸೆದೆ. ಅವಳು ತವರಿಗೆ ಹೋದಳು. ಒಳ್ಳೆಯದೇ ಆಯಿತು, ಅಡುಗೆಯ ವಾಸನೆ ಇಲ್ಲ.

ಹೊಟ್ಟೆ ಖಾಲಿ ಇದ್ದಾಗ ಸುಳ್ಳು ಕೂಡ ನಿಲ್ಲುವುದಿಲ್ಲ, ಅದಕ್ಕೆ ಹೇಳುತ್ತೇನೆ. ದಿಂಬು ಕೊಡವಿದ ಹಾಗಿತ್ತು ಅಂತ ಬರೆದಿದ್ದೆನಲ್ಲ. ಆ ಫೆಬ್ರವರಿಯಲ್ಲಿ ನಿನ್ನ ಎಡಗೈ ಏಟು ತಿಂದ ಮೇಲೆ ನನಗೆ ಮೂತ್ರದಲ್ಲಿ ರಕ್ತ ಹೋಯಿತು. ಯಾರಿಗೂ ಹೇಳಲಿಲ್ಲ. ಮೈ ಬೆಳೆಯಿತು ಅನ್ನುವುದು ನೆಪ. ನಿನ್ನ ಎದುರು ಮತ್ತೆ ನಿಲ್ಲಬಾರದು ಅಂತಲೇ ಮೇಲೆ ಹತ್ತಿದೆ. ನಾಲ್ಕು ಪಟ್ಟವೂ ನಿನ್ನಿಂದ ಓಡಿಹೋದವನ ಪಟ್ಟಗಳೇ. ನೆತ್ತಿಯ ತನಕ ನಿನ್ನ ಮೇಲೆ ಅಸಹ್ಯ ತುಂಬಿದೆ ನನಗೆ. ಅದನ್ನು ತೀರಿಸಿಕೊಳ್ಳಲು ಬರುತ್ತಿದ್ದೇನೆ.

ಜಿಗಣೆ


೨ ಮೇ ೧೯೯೧

ಜಿಗಣೆಗೆ,

ರಕ್ತದ ವಿಷಯ ಓದಿ ಅಂದು ಇಡೀ ದಿನ ಹಾಡಿಕೊಂಡು ಕೆಲಸ ಮಾಡಿದೆ. ಸುಳ್ಳು ಹೇಳುವುದಿಲ್ಲ. ಐದು ವರ್ಷ ನನ್ನ ಎಡಗೈಯ ಮೇಲೆ ನಾನೇ ಸಂಶಯಪಟ್ಟಿದ್ದೆ.

ಸಂಜೆ ಮತ್ತೊಮ್ಮೆ ಓದಿದೆ. ಆಗ ಚಹಾ ಬಣ್ಣದ ಮಾತು ಕಣ್ಣಿಗೆ ಬಿತ್ತು.

ಒಂದು ವಿಷಯ ಕೇಳು. ನಮ್ಮಲ್ಲಿ ಕುಳ್ಳ ಅಂತ ಒಬ್ಬನಿದ್ದ, ನನ್ನದೇ ತೂಕ, ನನಗಿಂತ ಒಳ್ಳೆಯ ಆಟಗಾರ. ಇಬ್ಬರೂ ಅದೇ ಒಣಗಿಸುವ ಕೋಣೆಯಲ್ಲಿ ತೂಕ ಇಳಿಸುತ್ತಿದ್ದೆವು. ಮೈ ದಪ್ಪವಾಗಿ ಅವನು ಮೇಲಿನ ತೂಕಕ್ಕೆ ಹೋಗಿದ್ದ. ಯಾರೋ ಕೆಣಕಿದರು ಅಂತ ಮತ್ತೆ ಕೆಳಗೆ ಬರಲು ಹೊರಟ. ಅವನ ಮೂತ್ರವೂ ಚಹಾ ಬಣ್ಣಕ್ಕೆ ಬಂತು. ಅವನೂ ತಮಾಷೆ ಮಾಡಿದ, "ಹಾಲು ಹಾಕಿದ್ರೆ ಕುಡೀಬಹುದು ಕಣೋ" ಅಂದ. ತಕ್ಕಡಿ ಮೇಲೆ ನಿಂತಾಗ ತೂಕ ಸರಿಯಾಗಿತ್ತು. ಕೈ ಎತ್ತಿ ಎಲ್ಲರಿಗೂ ತೋರಿಸಿದ. ಕೆಳಗಿಳಿಯುವಾಗ ನನ್ನ ಹೆಗಲ ಮೇಲೆ ಕೈ ಇಟ್ಟ, ಆ ಕೈಯಲ್ಲಿ ಭಾರವೇ ಇರಲಿಲ್ಲ. ಅಲ್ಲೇ ಹೋದ. ನಮ್ಮ ಆಸ್ಪತ್ರೆಗೇ ತಂದರು. ಅವನ ಮೇಲೆ ಹೊದಿಸಿದ್ದ ಚಾದರ ಮರುದಿನ ನನ್ನ ಮಿಷನ್ನಿಗೇ ಬಂತು. ಇದನ್ನು ನಾನು ಯಾರಿಗೂ ಬರೆದವನಲ್ಲ.

ನಿನ್ನ ಮೇಲಿನ ಪ್ರೀತಿಯಿಂದ ಇದನ್ನು ಬರೆಯುತ್ತಿಲ್ಲ, ತಪ್ಪು ತಿಳಿಯಬೇಡ. ನೀರು ಕುಡಿ. ಪಂದ್ಯ ಮುಂದಕ್ಕೆ ಹಾಕೋಣ. ಬ್ಯಾಂಟಮಿನಲ್ಲಿ ಬೇಕಾದರೆ ಕಾದೋಣ, ನಾನೇ ಹತ್ತಿ ಬರುತ್ತೇನೆ.

ಮೇಷ್ಟ್ರು


೧೪ ಮೇ ೧೯೯೧

ಮೇಷ್ಟ್ರೇ

ಹತ್ತಿ ಬರುತ್ತೀಯಾ? ಐದು ವರ್ಷ ಇಳಿದು ಬಾ ಅಂದವನು ಈಗ ಹತ್ತಿ ಬರುತ್ತೀಯಾ? ಕುಳ್ಳನ ಕಥೆ ಕಟ್ಟಿ ಹೆದರಿಸುತ್ತೀಯಾ? ನಾನು ಬರುವುದು ಖಾತ್ರಿಯಾಯಿತು, ನಿನ್ನ ಕಾಲು ನಡುಗಿತು.

ಇನ್ನು ಮೂರೂವರೆ ಕಿಲೊ. ಬೆವರು ಬರುತ್ತಿಲ್ಲ, ಎಷ್ಟು ಹೊದ್ದುಕೊಂಡರೂ ಬರುತ್ತಿಲ್ಲ, ಮೈ ಕಾದ ಹೆಂಚಾಗಿದೆ. ನಿನ್ನೆ ಮೆಟ್ಟಿಲ ಮೇಲೆ ಕೂತವನಿಗೆ ಏಳಲಾಗಲಿಲ್ಲ. ಕೆಳಗಿನ ಮನೆಯಾಕೆ ಬಂದು ಎಬ್ಬಿಸಿದಳು. ನಾನು ಅವಳನ್ನು ಅಮ್ಮಾ ಅಂತ ಕರೆದೆನಂತೆ, ನನಗೆ ನೆನಪಿಲ್ಲ.

ನಾನು ಬರುತ್ತೇನೆ. ಹೆಣವಾಗಿಯಾದರೂ ಆ ತಕ್ಕಡಿ ಹತ್ತುತ್ತೇನೆ. ನೀನು ಅಲ್ಲಿರಬೇಕು. ನೀನು ಅಲ್ಲಿರುವತನಕ ನಾನು ತಿನ್ನುವುದಿಲ್ಲ.

ಜಿಗಣೆ


೧೯ ಮೇ ೧೯೯೧

ಜಿಗಣೆಗೆ,

ನಿನ್ನೆ ಮಂಡಳಿಯ ಕಚೇರಿಗೆ ಹೋಗಿ ಬರೆದುಕೊಟ್ಟು ಬಂದೆ. ಫ್ಲೈವೇಟ್ ಪಟ್ಟ ಬಿಟ್ಟಿದ್ದೇನೆ. ಬಾಕ್ಸಿಂಗನ್ನೂ ಬಿಟ್ಟಿದ್ದೇನೆ. ಇನ್ನು ಮೇಲೆ ಯಾವ ತೂಕದಲ್ಲೂ ಯಾರ ಎದುರಿಗೂ ಕೈಗವಸು ತೊಡುವುದಿಲ್ಲ. ಗುಮಾಸ್ತ ಮೂರು ಸಲ ಕೇಳಿದ, "ಯೋಚ್ನೆ ಮಾಡಿದೀರಾ ಸಾರ್?" ಅಂತ. ಬೆಲ್ಟನ್ನು ಅವನ ಮೇಜಿನ ಮೇಲಿಟ್ಟೆ. ಅವನು ಚಹಾ ಲೋಟ ಪಕ್ಕಕ್ಕೆ ಸರಿಸಿ ಜಾಗ ಮಾಡಿದ.

ಕಾರಣ ಕೇಳುತ್ತೀಯ. ಪೇಪರಿನಲ್ಲಿ ನಿನ್ನ ಫೋಟೋ ನೋಡಿದೆ. ಕೆನ್ನೆ ಒಳಕ್ಕೆ ಹೋಗಿ ಹಲ್ಲು ಮಾತ್ರ ಉಳಿದಿವೆ. ಇಂಥ ಒಣಕಡ್ಡಿಯನ್ನು ಹೊಡೆದು ಗೆದ್ದೆ ಅಂತ ಮೀಸೆ ತಿರುವುವಷ್ಟು ಗತಿಗೆಟ್ಟವನಲ್ಲ ನಾನು. ನಿನ್ನನ್ನು ಮುಟ್ಟಲೂ ನನಗೆ ಹೇಸಿಗೆ. ಇಷ್ಟೇ ಕಾರಣ, ಬೇರೆ ಏನನ್ನೂ ಹುಡುಕಬೇಡ.

ನೀನು ಇಳಿದು ಬರುತ್ತಿದ್ದ ಜಾಗದಲ್ಲಿ ಈಗ ಯಾರೂ ಇಲ್ಲ. ಏನಾದರೂ ತಿನ್ನು. ಮೊದಲು ನೀರು, ಸ್ವಲ್ಪ ಸ್ವಲ್ಪವಾಗಿ. ಒಮ್ಮೆಲೇ ಕುಡಿಯಬೇಡ.

ಮೇಷ್ಟ್ರು


೬ ಜುಲೈ ೧೯೯೧

ಪೂಜ್ಯ ಮೇಷ್ಟ್ರಿಗೆ,

ತಮ್ಮ ಕಾಗದ ಬಂದ ದಿನ ನಾನು ಕೊಠಡಿಯಲ್ಲಿದ್ದದ್ದನ್ನೆಲ್ಲ ಒಡೆದೆ. ಒಡೆಯಲು ಶಕ್ತಿ ಸಾಲದೆ ಅರ್ಧ ಸಾಮಾನು ಉಳಿಯಿತು. ಮಂಡಳಿಯವರು, ಪಟ್ಟ ಖಾಲಿ ಇದೆ, ಬೇರೆಯವನ ಜೊತೆ ಕಾದುತ್ತೀಯಾ ಅಂತ ಕೇಳಿದರು. ಯಾವನೋ ಮುಖ ಮೂತಿ ಗೊತ್ತಿಲ್ಲದ ಹುಡುಗ. ಅವನಿಗಾಗಿ ನಾನು ಯಾಕೆ ಹಸಿದು ಸಾಯಲಿ? ಮೊದಲ ದಿನ ಕುಡಿದ ನೀರೂ ವಾಂತಿಯಾಯಿತು. ಆಮೇಲೆ ಗಂಜಿ ನಿಂತಿತು. ಆಸ್ಪತ್ರೆಯಲ್ಲಿ ಮೂರು ವಾರ ಇಟ್ಟುಕೊಂಡಿದ್ದರು. ಚಾದರ ಚೆನ್ನಾಗಿ ಒಗೆದಿರಲಿಲ್ಲ.

ಹೆಂಡತಿ ವಾಪಸು ಬಂದಿದ್ದಾಳೆ. ತಟ್ಟೆ ಖಾಲಿಯಾಗುವತನಕ ಎದುರಿಗೇ ಕೂರುತ್ತಾಳೆ. ಪೇಪರಿನಲ್ಲಿ ತಮ್ಮ ಸುದ್ದಿ ಓದಿ, "ಮೇಷ್ಟ್ರು ಒಳ್ಳೇವ್ರು ಕಣ್ರೀ" ಅಂತ ಕಣ್ಣೊರೆಸಿಕೊಂಡಳು. ನಾನು ಹೇಳಿದೆ, "ಒಳ್ಳೇವ್ರೂ ಅಲ್ಲ ಮಣ್ಣೂ ಅಲ್ಲ, ಪುಕ್ಕಲು." ಹೆಂಗಸರಿಗೆ ಬಾಕ್ಸಿಂಗ್ ಅರ್ಥವಾಗುವುದಿಲ್ಲ.

ತಮ್ಮ ಸುದ್ದಿಯ ತಲೆಬರಹ ನೋಡಿದ್ದೀರಿ ಅಂದುಕೊಂಡಿದ್ದೇನೆ: "ಜಿಗಣೆಗೆ ಹೆದರಿ ಪಟ್ಟ ಬಿಟ್ಟು ಓಡಿದ ಮೇಷ್ಟ್ರು." ದಪ್ಪ ಅಕ್ಷರದಲ್ಲಿ. ತಮ್ಮ ಲಾಂಡ್ರಿಯ ಕ್ಯಾಂಟೀನಿನಲ್ಲಿ ಈಗ ಯಾರು ನಗುತ್ತಿದ್ದಾರೆ?

ಹೇಸಿಗೆ ಗೀಸಿಗೆ ಅನ್ನುವ ಕಥೆಯೆಲ್ಲ ನನ್ನ ಹತ್ತಿರ ಬೇಡ. ನನಗೆ ಇನ್ನು ಪಟ್ಟ ಸಿಗುವುದಿಲ್ಲ, ಡಾಕ್ಟರು ರಿಂಗಿನ ಹತ್ತಿರವೂ ಸುಳಿಯಬೇಡ ಅಂದಿದ್ದಾನೆ. ಉಳಿದಿರುವುದು ಇದೊಂದೇ, ಇದನ್ನಾದರೂ ತಮ್ಮ ಬಾಯಿಂದ ಕೇಳಬೇಕು. ಹೆದರಿದಿರಿ ತಾನೇ? ತಮ್ಮ ಕೈಯಾರೆ ಬರೆದು ಸಹಿ ಹಾಕಿ ಕಳಿಸಿ. ಕಟ್ಟು ಹಾಕಿಸಿ ಗೋಡೆಗೆ ತೂಗು ಹಾಕುತ್ತೇನೆ.

ತಮ್ಮ ವಿಧೇಯ,
ಜಿಗಣೆ


೧೭ ಜುಲೈ ೧೯೯೧

ಜಿಗಣೆಗೆ,

ಹೌದು, ಹೆದರಿದೆ. ಹದಿನೆಂಟು ವರ್ಷ ರಿಂಗಿನಲ್ಲಿ ಕಳೆದಿದ್ದೇನೆ, ಯಾರಿಗೂ ಇಷ್ಟು ಹೆದರಿದವನಲ್ಲ. ಸಹಿ ಕೆಳಗಿದೆ, ಕಟ್ಟು ಹಾಕಿಸಿಕೋ.

ಮೇಷ್ಟ್ರು